ಶನಿಯ ಬಳೆಯ ವಿಚಾರ

೨೦೨೫ನೆಯ ಇಸವಿಯ ಮಾರ್ಚ್ ೨೩ನೆಯ ತಾರೀಖಿನಲ್ಲಿ ಶನಿಗ್ರಹದ ಬಳೆಯು ಭೂಲೋಕದವರ ದೃಷ್ಟಿಗೆ ಇಲ್ಲವಾಯಿತು. ಆ ದಿನಗಳಲ್ಲಿ ಶನಿಯು ಸೂರ್ಯನ ಸಮೀಪದಲ್ಲಿಯೇ ಇದ್ದುದರಿಂದ ಈ ಸಂಗತಿಯನ್ನು ಕಣ್ಣಾರೆ ನೋಡುವ ಅನುಕೂಲ ಹೆಚ್ಚು ಜನಕ್ಕೆ ದೊರೆಯಲಿಲ್ಲ. ಆದರೆ ಅದೇ ವರ್ಷದ ನವೆಂಬರಿನಲ್ಲಿ ಬಳೆಯು ಪುನಃ ಬಹಳ ಕಿರಿದಾಗಿ, ಸಾಧಾರಣವಾದ ದೂರದರ್ಶಕದಲ್ಲಿ ನೋಡಿದವರಿಗೆ ಗ್ರಹದ ನಡುವೆ ಚುಚ್ಚಿದ ಸೂಜಿಯಂತೆ ತೋರಿತು. ಬಳೆ ಒಡೆದುಹೋಯಿತೆಂದು ಜ್ಯೋತಿರ್ವಿದರಾರೂ ಗಾಬರಿಗೊಳ್ಳಲಿಲ್ಲ. ಶನಿಯ ಅಕ್ಷವು ಸುಮಾರು ೨೭ ಅಂಶಗಳಷ್ಟು ಓರೆಯಾಗಿರುವುದರಿಂದ, ಆ ಗ್ರಹವು ಸೂರ್ಯನನ್ನು ಒಂದು ಸಲ ಸುತ್ತುವಷ್ಟರಲ್ಲಿ ಎರಡು ಸಲ ಬಳೆಯ ಅಂಚು ಮಾತ್ರವೇ ನಮ್ಮ ಕಡೆಗೆ ತಿರುಗುತ್ತದೆ. ಅಂಚು ಅತ್ಯಂತ ತೆಳುವಾದುದರಿಂದ ಕಾಣುವುದಿಲ್ಲ. ೨೦೦೯ರಲ್ಲಿಯೂ ಹೀಗಾಗಿತ್ತು, ೨೦೩೮ರಲ್ಲಿ ಮತ್ತೆ ಆಗುವುದು.

ಈ ಸಮಾಧಾನವು ಸುಲಭವಾಗಿ ದೊರೆತುದಲ್ಲ. ಬಳೆಯನ್ನು ಮೊದಲು ಕಂಡ ಮನುಷ್ಯನಿಗೆ ಅದು ಮರೆಯಾದಾಗ ದಿಕ್ಕುಗೆಟ್ಟಂತಾಯಿತು. ಅದು ಬಳೆಯೆಂದು ತಿಳಿಯಲು ಸುಮಾರು ಐವತ್ತು ವರ್ಷಗಳು ಹಿಡಿದವು. ಬಳೆಯು ಏತರಿಂದಾದುದೆಂದು ತಿಳಿಯಲು ಮತ್ತೆ ಇನ್ನೂರು ವರ್ಷಗಳು ಬೇಕಾದವು. ಈ ಚರಿತ್ರೆಯನ್ನು ಓದುತ್ತ ಹೋದಂತೆ ನನ್ನ ಮನಸ್ಸಿನಲ್ಲಿ ನಿಂತ ಸಂಗತಿಯೊಂದುಂಟು. ನೋಡಿದವರ ಕಣ್ಣುಗಳು ಬಹುಮಟ್ಟಿಗೆ ಸರಿಯಾಗಿಯೇ ಕಂಡಿದ್ದವು. ಕಂಡುದಕ್ಕೆ ಹೆಸರಿಡುವಲ್ಲಿ ಬುದ್ಧಿ ಎಡವಿತು. ಆ ಎಡವಿದ ಬುದ್ಧಿಯನ್ನು ಹಲವು ಸಲ ತಿದ್ದಿದುದು ಅನುಮಾನಪ್ರಮಾಣ. ಅನುಮಾನವೆಂದರೆ ಇಲ್ಲಿ ಲೋಕರೂಢಿಯ ಸಂದೇಹವೆಂದು ವಾಚಕರು ತಿಳಿಯಬಾರದು. ಹೊಗೆಯನ್ನು ಕಂಡು ಬೆಟ್ಟದಲ್ಲಿ ಬೆಂಕಿಯುಂಟೆಂದು ನಿಶ್ಚಯಿಸುವ ನೈಯಾಯಿಕರ ಅನುಮಾನವಿದು.

ಮೊದಲಿಗೆ ನಮ್ಮವರ ಮಾತನ್ನು ಹೇಳಿ ಮುಂದೆ ಹೋಗುವುದು ಒಳ್ಳೆಯದು. ಶನಿಯ ಬಳೆಯ ಪ್ರಸಂಗ ಬಂದಾಗಲೆಲ್ಲ ಸಭೆಯಲ್ಲಿ ಯಾರಾದರೊಬ್ಬರು ಎದ್ದು, "ಇದು ನಮ್ಮ ಪೂರ್ವಿಕರಿಗೆ ತಿಳಿದಿತ್ತಲ್ಲವೆ?" ಎಂದು ಕೇಳುವುದುಂಟು. ಶನೈಶ್ಚರನೆಂದರೆ ಮೆಲ್ಲಮೆಲ್ಲನೆ ಸಂಚರಿಸುವವನು. ಮಂದನೆಂಬ ಹೆಸರೂ ಅದೇ ಅರ್ಥದ್ದು. ಆ ಮಂದಗತಿಯನ್ನು ನಮ್ಮ ಗಣಕರು ಅಳೆದ ಬಗೆ ನಿಜವಾಗಿಯೂ ಶ್ಲಾಘ್ಯವಾದುದು. ೪೩,೨೦,೦೦೦ ವರ್ಷಗಳ ಒಂದು ಮಹಾಯುಗದಲ್ಲಿ ಶನಿಯ ಭಗಣಗಳು ೧,೪೬,೫೬೮ ಎಂದೂ ಮಹಾಯುಗದ ಸಾವನದಿನಗಳು ೧,೫೭,೭೯,೧೭,೮೨೮ ಎಂದೂ ಸೂರ್ಯಸಿದ್ಧಾಂತದಲ್ಲಿದೆ. ಭಾಗಿಸಿ ನೋಡಿದರೆ ಒಂದು ಭಗಣಕ್ಕೆ ೧೦,೭೬೬ ದಿನಗಳಿಗೆ ಕೊಂಚ ಕಡಮೆಯಾಗುತ್ತದೆ. ಈಗಿನ ಲೆಕ್ಕ ಸುಮಾರು ೧೦,೭೫೯ ದಿನಗಳು. ಮೂವತ್ತು ವರ್ಷಗಳಿಗೆ ಸಮೀಪವಾದ ಒಂದು ಸುತ್ತಿನಲ್ಲಿ ಒಂದು ವಾರದಷ್ಟು ಮಾತ್ರ ಅಂತರ! ಆದರೆ ಬಳೆಯ ಮಾತು ಸೂರ್ಯಸಿದ್ಧಾಂತದಲ್ಲಿಲ್ಲ, ಆರ್ಯಭಟೀಯದಲ್ಲಿಲ್ಲ, ಭಾಸ್ಕರಾಚಾರ್ಯನ ಗ್ರಂಥಗಳಲ್ಲಿಯೂ ಇಲ್ಲ. ಬರಿಗಣ್ಣಿಗೆ ಬಳೆಯು ಗೋಚರವಲ್ಲದ ಮೇಲೆ ಇರುವುದಾದರೂ ಹೇಗೆ? ಇದ್ದ ಕೀರ್ತಿಯನ್ನು ಅರಿಯದೆ ಇಲ್ಲದುದನ್ನು ಆರೋಪಿಸುವುದು ಪೂರ್ವಿಕರಿಗೆ ಸಲ್ಲಿಸುವ ಗೌರವವಲ್ಲವೆಂದು ನನ್ನ ಅಭಿಪ್ರಾಯ.

ಇನ್ನು ಪ್ರಕೃತಕ್ಕೆ ಬರೋಣ. ೧೬೧೦ನೆಯ ಇಸವಿಯ ಜುಲೈ ತಿಂಗಳಲ್ಲಿ ಇಟಲಿ ದೇಶದ ಗೆಲಿಲಿಯೋ ತನ್ನ ದೂರದರ್ಶಕವನ್ನು ಶನಿಯ ಕಡೆಗೆ ತಿರುಗಿಸಿದನು. ನಡುವೆ ಒಂದು ದೊಡ್ಡ ಬಿಂಬ, ಎರಡು ಪಕ್ಕಗಳಲ್ಲಿ ಅದಕ್ಕೆ ಅಂಟಿದಂತೆ ಎರಡು ಚಿಕ್ಕ ಬಿಂಬಗಳು; ಶನಿಯು ಒಂದಲ್ಲ, ಮೂರು ಎಂದು ಆತನಿಗೆ ತೋರಿತು. ಬೇರೆ ಯಾರೂ ಈ ಶೋಧವನ್ನು ತಮ್ಮದೆಂದು ಹೇಳಿಕೊಳ್ಳದಿರಲೆಂದು ಆತನು ಒಂದು ಲ್ಯಾಟಿನ್ ವಾಕ್ಯವನ್ನು ಬರೆದು, ಅದರ ಅಕ್ಷರಗಳನ್ನೆಲ್ಲ ಕಲಸಿ, ಅರ್ಥವಾಗದ ಒಂದು ಮಾಲೆಯನ್ನಾಗಿ ಮಾಡಿ ಪಂಡಿತರಿಗೆ ಕಳುಹಿಸಿದನು. ನಮ್ಮ ಕೂಟಶ್ಲೋಕಗಳನ್ನು ಬಲ್ಲವರಿಗೆ ಇದರ ರುಚಿ ತಿಳಿಯುವುದು. ಮಹಾಜ್ಯೋತಿಷಿಯಾದ ಕೆಪ್ಲರನು ಈ ಕೂಟವನ್ನು ಬಿಡಿಸಲು ಹೋಗಿ, ಮಂಗಳನಿಗೆ ಇಬ್ಬರು ಚಂದ್ರರಿರುವರೆಂದು ಅರ್ಥಮಾಡಿದನು! ಮಂಗಳನಿಗೆ ನಿಜವಾಗಿಯೂ ಎರಡು ಚಂದ್ರರಿರುವುದು ೧೮೭೭ರಲ್ಲಿ ಕಂಡುಬಂದಿತೆಂಬುದು ಕಾಕತಾಳೀಯ ನ್ಯಾಯಕ್ಕೆ ಒಳ್ಳೆಯ ಉದಾಹರಣೆ.

ಎರಡು ವರ್ಷಗಳು ಕಳೆದವು. ೧೬೧೨ರ ಕೊನೆಯಲ್ಲಿ ಗೆಲಿಲಿಯೋ ಮತ್ತೆ ನೋಡಿದಾಗ ಪಕ್ಕದ ಬಿಂಬಗಳಿರಲಿಲ್ಲ. ಶನಿಯು ಒಂಟಿಯಾಗಿ, ದುಂಡಗೆ ನಿಂತಿದ್ದನು. ರೋಮನರ ಪುರಾಣದಲ್ಲಿ ಈ ಗ್ರಹದ ಅಧಿದೇವತೆ ತನ್ನ ಮಕ್ಕಳನ್ನೇ ನುಂಗಿದವನು. ಆ ಕಥೆಯನ್ನು ನೆನೆದು, ಮಕ್ಕಳನ್ನು ತಿಂದನೋ ಏನೋ ಎಂದು ಗೆಲಿಲಿಯೋ ಒಬ್ಬ ಸ್ನೇಹಿತನಿಗೆ ಪತ್ರ ಬರೆದನು. ವಿನೋದದ ಮಾತಾದರೂ ಒಳಗೆ ಆತಂಕವಿತ್ತು. ತನ್ನ ಯಂತ್ರವೇ ಇಷ್ಟು ದಿನವೂ ತನ್ನನ್ನು ವಂಚಿಸಿತೇ ಎಂಬ ಶಂಕೆ ಆತನನ್ನು ಬಾಧಿಸಿತು. ಆ ಶಂಕೆ ಸಲ್ಲದು. ಯಂತ್ರ ಸುಳ್ಳಾಡಿರಲಿಲ್ಲ. ಮುಂದೆ ೧೬೧೬ರಲ್ಲಿ ಗೆಲಿಲಿಯೋ ಬರೆದ ಚಿತ್ರದಲ್ಲಿ ಗ್ರಹದ ಎರಡು ಕಡೆಗಳಲ್ಲಿಯೂ ಕೊಪ್ಪರಿಗೆಯ ಕಿವಿಗಳಂಥ ಆಕಾರಗಳಿವೆ. ಈಗ ಅದನ್ನು ನೋಡುವ ಪಾಠಶಾಲೆಯ ಹುಡುಗನೂ ಬಳೆಯೆಂದೇ ಹೇಳುವನು. ಬರೆದವನಿಗೆ ಮಾತ್ರ ಹೊಳೆಯಲಿಲ್ಲ. ಆತನು ೧೬೪೨ರಲ್ಲಿ ತೀರಿಕೊಳ್ಳುವವರೆಗೂ ಹೊಳೆಯಲಿಲ್ಲ.

ಹೊಳೆದುದು ಹಾಲೆಂಡ್ ದೇಶದ ಕ್ರಿಶ್ಚಿಯನ್ ಹೈಗೆನ್ಸನಿಗೆ. ಈತನೂ ಈತನ ಅಣ್ಣನೂ ಮಸೂರಗಳನ್ನು ತಮ್ಮ ಕೈಯಿಂದಲೇ ಉಜ್ಜಿ ದೂರದರ್ಶಕಗಳನ್ನು ಮಾಡಿಕೊಂಡಿದ್ದರು. ೧೬೫೫ರ ಮಾರ್ಚಿಯಲ್ಲಿ ಹೈಗೆನ್ಸನು ಶನಿಯ ದೊಡ್ಡ ಚಂದ್ರನನ್ನು ಕಂಡುಹಿಡಿದನು. ಅದಕ್ಕೆ ಈಗ ಟೈಟನ್ ಎಂದು ಹೆಸರು. ಬಳೆಯ ವಿಚಾರವನ್ನು ಆತನು ಮಾರನೆಯ ವರ್ಷ ಕೂಟಾಕ್ಷರಗಳಲ್ಲಿಯೂ ೧೬೫೯ರಲ್ಲಿ ಸ್ಪಷ್ಟವಾಗಿಯೂ ಪ್ರಕಟಿಸಿದನು: ಗ್ರಹವನ್ನು ಎಲ್ಲಿಯೂ ಮುಟ್ಟದ, ತೆಳುವಾದ, ಚಪ್ಪಟೆಯಾದ, ಕ್ರಾಂತಿವೃತ್ತಕ್ಕೆ ಓರೆಯಾದ ಒಂದು ಬಳೆಯು ಅದನ್ನು ಸುತ್ತಿಕೊಂಡಿದೆ. ವಿಶೇಷವೇನೆಂದರೆ, ಈ ಯೋಚನೆ ಆತನಿಗೆ ಬಂದಾಗ ಬಳೆಯು ಚೆನ್ನಾಗಿ ತೆರೆದು ಕಾಣುತ್ತಿರಲಿಲ್ಲ. ೧೬೫೫–೫೬ರಲ್ಲಿ ಅದರ ಅಂಚೇ ಭೂಮಿಯ ಕಡೆಗಿತ್ತು. ಟೈಟನ್ ಹದಿನಾರು ದಿನಗಳಲ್ಲಿ ಶನಿಯನ್ನು ಸುತ್ತುತ್ತದೆ. ಆದುದರಿಂದ ಅದಕ್ಕಿಂತ ಒಳಗಿರುವ ಪದಾರ್ಥವು ಇನ್ನೂ ಬೇಗನೆ ಸುತ್ತುತ್ತಿರಬೇಕು. ಹಾಗೆ ಸುತ್ತಿದರೂ ಗ್ರಹದ "ಕಿವಿ"ಗಳ ಆಕಾರ ದಿನದಿನಕ್ಕೆ ಬದಲಾಗುವುದಿಲ್ಲ. ಎಷ್ಟು ತಿರುಗಿದರೂ ಒಂದೇ ಸಮನಾಗಿ ತೋರುವ ಆಕಾರ ಬಳೆಯಲ್ಲದೆ ಮತ್ತಾವುದು? ಹೀಗೆ ಸಾಗಿತು ಆತನ ತರ್ಕ. ಹೆಚ್ಚು ನಿಚ್ಚಳವಾಗಿ ಕಂಡವರಿಗೆ ತಿಳಿಯದುದು ಕಿರಿದಾಗಿ ಕಂಡವನಿಗೆ ತಿಳಿಯಿತು.

ಆದರೆ ಹೈಗೆನ್ಸನು ಬಳೆಯನ್ನು ಗಟ್ಟಿಯಾದ ಒಂದೇ ವಸ್ತುವೆಂದು ಎಣಿಸಿದನು. ಬಳೆ, ಉಂಗುರ ಎಂಬ ಶಬ್ದಗಳೇ ನಮ್ಮನ್ನು ಆ ಕಡೆಗೆ ಎಳೆಯುತ್ತವೆಂಬುದನ್ನು ಮರೆಯಬಾರದು. ಅಕ್ಕಸಾಲಿಗನು ಬಡಿದು ಬೆಸೆದ ವಸ್ತುವಿನ ಚಿತ್ರ ಮನಸ್ಸಿಗೆ ಬಂದೇ ಬರುವುದು. ಫ್ರಾನ್ಸ್ ದೇಶದ ಶಪಲೇನ್ ಎಂಬ ಕವಿಯು ೧೬೬೦ರಲ್ಲಿಯೇ, ಅದು ಅಸಂಖ್ಯವಾದ ಪುಟ್ಟ ಉಪಗ್ರಹಗಳ ಗುಂಪಾಗಿರಬಹುದೆಂದು ಸೂಚಿಸಿದ್ದನು. ಕವಿಯ ಮಾತಿಗೆ ಗಣಿತಜ್ಞರು ಕಿವಿಗೊಡಲಿಲ್ಲ. ೧೬೭೫ರಲ್ಲಿ ಪ್ಯಾರಿಸ್ ವೀಕ್ಷಣಾಲಯದ ಕಸೀನಿಯು ಬಳೆಯ ನಡುವೆ ಸುತ್ತಲೂ ಹರಿದ ಒಂದು ಕಪ್ಪು ಗೆರೆಯನ್ನು ಕಂಡನು. ಹಾಗಾದರೆ ಬಳೆ ಒಂದಲ್ಲ, ಒಂದರೊಳಗೊಂದು ಎರಡು. ಆಮೇಲೆ ನೂರು ವರ್ಷಗಳಿಗೂ ಮೀರಿದ ಕಾಲ ಈ ವಿಷಯದಲ್ಲಿ ಹೇಳಿಕೊಳ್ಳುವಂಥ ಪ್ರಗತಿಯೇನೂ ಆಗಲಿಲ್ಲ.

೧೭೮೭ರಲ್ಲಿ ಲಾಪ್ಲಾಸನು ಈ ಪ್ರಶ್ನೆಯನ್ನು ಗಣಿತದ ಒರೆಗಲ್ಲಿಗೆ ಹಚ್ಚಿದನು. ಗ್ರಹವೊಂದನ್ನು ಸುತ್ತುವ ವಸ್ತುವು ಅದಕ್ಕೆ ಹತ್ತಿರವಾದಷ್ಟೂ ಹೆಚ್ಚು ವೇಗದಿಂದ ಸುತ್ತಬೇಕು. ಇಲ್ಲವಾದರೆ ಗ್ರಹದ ಮೇಲೆ ಬೀಳುವುದು. ದೂರವಾದಷ್ಟೂ ನಿಧಾನವಾಗಿ ಸುತ್ತಬೇಕು. ಇಲ್ಲವಾದರೆ ಹೊರಕ್ಕೆ ಸಿಡಿಯುವುದು. ಸಾವಿರಾರು ಮೈಲಿ ಅಗಲದ ಗಟ್ಟಿ ತಗಡಿನಲ್ಲಿ ಒಳಗಿನ ಭಾಗವೂ ಹೊರಗಿನ ಭಾಗವೂ ಒಂದೇ ಕಾಲದಲ್ಲಿ ಸುತ್ತನ್ನು ಮುಗಿಸಲೇಬೇಕಷ್ಟೆ. ಆಗ ಒಳಗಿನದು ಗ್ರಹದ ಕಡೆಗೂ ಹೊರಗಿನದು ಆಚೆಗೂ ಎಳೆಯುವುದರಿಂದ ತಗಡು ಹರಿದುಹೋಗುವುದು. ಎರಡನೆಯ ದೋಷ ಇನ್ನೂ ಸೂಕ್ಷ್ಮವಾದುದು. ಎಲ್ಲೆಡೆಯೂ ಸಮತೂಕದ ಗಟ್ಟಿ ಬಳೆಯ ಕೇಂದ್ರದಲ್ಲಿ ಗ್ರಹವು ನೇರವಾಗಿ ನಿಂತಿದೆಯೆಂದಿಟ್ಟುಕೊಳ್ಳೋಣ. ಬಳೆಯು ಕೂದಲೆಳೆಯಷ್ಟು ಒಂದು ಕಡೆಗೆ ಸರಿದರೆ, ಹತ್ತಿರವಾದ ಕಡೆಯಲ್ಲಿ ಆಕರ್ಷಣ ಹೆಚ್ಚಿ ಅದನ್ನು ಮತ್ತಷ್ಟು ಸೆಳೆಯುವುದು. ಕೊನೆಗೆ ಬಳೆ ಗ್ರಹಕ್ಕೆ ಬಡಿಯುವುದು. ಬೆರಳ ತುದಿಯ ಮೇಲೆ ನಿಲ್ಲಿಸಿದ ಕೋಲಿನ ಪಾಡು. ಆದುದರಿಂದ ಅಲ್ಲಿರುವುದು ಒಂದು ಅಗಲವಾದ ತಗಡಲ್ಲ, ತೂಕದಲ್ಲಿ ಏರುಪೇರುಳ್ಳ ಅನೇಕ ಕಿರುಬಳೆಗಳೆಂದು ಲಾಪ್ಲಾಸನು ನಿರ್ಣಯಿಸಿದನು. ಅಷ್ಟು ದೂರ ಸರಿಯಾಗಿ ನಡೆದುಬಂದವನು ಅಲ್ಲಿಗೇ ನಿಂತನು. ತೂಕದ ಏರುಪೇರು ಎಷ್ಟಿದ್ದರೆ ಸಾಕೆಂಬುದನ್ನು ಆತನು ಗಣಿಸಲಿಲ್ಲ.

೧೮೫೦ರಲ್ಲಿ ಮೂರನೆಯದೊಂದು ಮಸುಕಾದ ಬಳೆಯು ಒಳಭಾಗದಲ್ಲಿ ಕಂಡುಬಂದಿತು. ಅದರ ಮೂಲಕ, ತೆಳು ಬಟ್ಟೆಯೊಳಗಿಂದ ಕಾಣುವಂತೆ, ಗ್ರಹದ ಅಂಚೇ ಕಾಣಿಸುತ್ತಿತ್ತು. ಗಟ್ಟಿ ವಸ್ತುವಿನೊಳಗಿಂದ ಆಚೆಯದು ಕಾಣುವುದೆಂತು? ೧೮೫೫ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯದವರು ಆಡಮ್ಸ್ ಬಹುಮಾನಕ್ಕಾಗಿ ಇದನ್ನೇ ವಿಷಯವಾಗಿಟ್ಟರು: ಶನಿಯ ಬಳೆಗಳು ಗಟ್ಟಿಯಾದುವೇ, ದ್ರವವೇ, ಅಥವಾ ಒಂದಕ್ಕೊಂದು ಅಂಟದ ಬಿಡಿ ವಸ್ತುಗಳ ಸಮೂಹವೇ? ನೆಪ್ಚೂನ್ ಗ್ರಹವನ್ನು ಯಾರೂ ಕಾಣುವ ಮೊದಲೇ ಅದರ ಸ್ಥಾನವನ್ನು ಗಣಿತದಿಂದ ಹೇಳಿದ ಆಡಮ್ಸನ ಗೌರವಾರ್ಥವಾಗಿ ಸ್ಥಾಪಿತವಾದ ಬಹುಮಾನವದು. ಪ್ರಬಂಧವನ್ನು ಒಪ್ಪಿಸಿದವನು ಒಬ್ಬನೇ, ಅಬರ್ಡೀನಿನಲ್ಲಿ ಉಪಾಧ್ಯಾಯನಾಗಿದ್ದ ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್. ೧೮೫೭ರಲ್ಲಿ ಬಹುಮಾನ ದೊರೆತಾಗ ಆತನಿಗೆ ಇಪ್ಪತ್ತೈದು ಇಪ್ಪತ್ತಾರರ ಹರೆಯ. ಮುಂದೆ ವಿದ್ಯುತ್ತು, ಅಯಸ್ಕಾಂತ, ಬೆಳಕು ಈ ಮೂರನ್ನೂ ಒಂದು ಸೂತ್ರದಲ್ಲಿ ಕೋದ ಮಹಾಪುರುಷನೇ ಈತ. ಆ ಕೀರ್ತಿಯ ಬೆಳಕಿನಲ್ಲಿ ಈ ಪ್ರಬಂಧವು ಮಂಕಾಗಿರುವುದು ಸಹಜ. ಆದರೂ ತರ್ಕದ ಸೊಬಗನ್ನು ನೋಡಬಯಸುವವರು ಇದನ್ನು ಬಿಡಬಾರದು.

ನೈಯಾಯಿಕರು ಪಾರಿಶೇಷ್ಯವೆಂದು ಕರೆಯುವ ಕ್ರಮವನ್ನೇ ಮ್ಯಾಕ್ಸ್‌ವೆಲನು ಹಿಡಿದನು. ಸಂಭವವುಳ್ಳ ಪಕ್ಷಗಳನ್ನೆಲ್ಲ ಮುಂದಿಟ್ಟು, ಒಂದೊಂದನ್ನೇ ನಿರಾಕರಿಸಿ, ಉಳಿದುದನ್ನು ಸ್ವೀಕರಿಸುವುದು. ಮೊದಲು ಗಟ್ಟಿ ಬಳೆ. ಲಾಪ್ಲಾಸನು ಹೇಳಿದ ತೂಕದ ಏರುಪೇರು ಎಷ್ಟಿರಬೇಕೆಂದು ಗಣಿಸಿದಾಗ, ಒಟ್ಟು ತೂಕದ ನೂರಕ್ಕೆ ಸುಮಾರು ೮೨ ಪಾಲು ಬಳೆಯ ಒಂದೇ ಬಿಂದುವಿನಲ್ಲಿ ಕೂಡಿರಬೇಕೆಂದು ಬಂದಿತು. ಅದೂ ಎಂಬತ್ತೊಂದೂವರೆಗಿಂತ ಕಡಮೆಯಾಗಬಾರದು, ಎಂಬತ್ತಮೂರನ್ನು ಮುಟ್ಟಬಾರದು. ಅಂಥದನ್ನು ಬಳೆಯೆನ್ನುವುದಕ್ಕಿಂತ, ಬಾಲವಿರುವ ಚಂದ್ರನೆನ್ನುವುದೇ ಮೇಲು. ಹಾಗಿದ್ದರೆ ಅದು ದೂರದರ್ಶಕದಲ್ಲಿ ಎಂದೋ ಕಾಣಬೇಕಾಗಿತ್ತು. ಗಟ್ಟಿ ಬಳೆಯ ಪಕ್ಷ ಅಲ್ಲಿಗೆ ಮುಗಿಯಿತು. ದ್ರವದ ಬಳೆಯಾದರೆ ಅದರಲ್ಲಿ ಏಳುವ ಅಲೆಗಳು ಬೆಳೆಬೆಳೆದು ಅದನ್ನು ತುಂಡುತುಂಡಾಗಿ ಹನಿಗಳನ್ನಾಗಿ ಮಾಡುವುವೆಂದು ಗಣಿತ ಹೇಳಿತು. ಉಳಿದುದು ಬಿಡಿ ವಸ್ತುಗಳ ಪಕ್ಷ. ಅವುಗಳ ಒಟ್ಟು ತೂಕವು ಶನಿಯ ತೂಕಕ್ಕಿಂತ ಬಹಳ ಕಡಮೆಯಾಗಿದ್ದರೆ, ಒಂದಕ್ಕೆ ತಗುಲಿದ ಕದಲಿಕೆಯು ಅಲೆಯಾಗಿ ಸಾಲಿನ ಸುತ್ತಲೂ ಹರಿದುಹೋಗುವುದಲ್ಲದೆ ಸಾಲನ್ನು ಕೆಡಿಸುವುದಿಲ್ಲ. ಈ ಅಲೆಗಳನ್ನು ಕಣ್ಣಿಗೆ ತೋರಿಸಲು ಆತನು ೩೬ ದಂತದ ಗುಂಡುಗಳುಳ್ಳ ಒಂದು ಚಕ್ರಯಂತ್ರವನ್ನು ಮಾಡಿಸಿದನು. ಹಿಡಿಯನ್ನು ತಿರುಗಿಸಿದರೆ ಗುಂಡುಗಳು ಒಂದರ ಹಿಂದೊಂದು ಏರಿ ಇಳಿದು ಅಲೆಯಾಗಿ ಸಾಗುತ್ತಿದ್ದವು. ಪ್ರಬಂಧವು ೧೮೫೯ರಲ್ಲಿ ಅಚ್ಚಾಯಿತು. ಎರಡು ಶತಮಾನಗಳ ಹಿಂದೆ ಕವಿಯು ಊಹಿಸಿದುದು ಈಗ ಸಿದ್ಧಾಂತವಾಯಿತು. ಮ್ಯಾಕ್ಸ್‌ವೆಲನಾದರೋ ಒಂದು ಕಣವನ್ನೂ ಕಂಡವನಲ್ಲ.

ಬಿಡಿ ವಸ್ತುಗಳು ಅಷ್ಟು ಒತ್ತಾಗಿ ಇರುವಾಗ ಅವೆಲ್ಲ ಸೇರಿ ಒಂದು ಚಂದ್ರನಾಗಬಾರದೇಕೆ? ಇದಕ್ಕೆ ಉತ್ತರವನ್ನು ಫ್ರಾನ್ಸಿನ ಮೋಂಪೆಲಿಯೆ ಊರಿನ ಎದುವಾರ್ ರೋಷನು ೧೮೪೮ರಲ್ಲಿಯೇ ಕೊಟ್ಟಿದ್ದನು. ಚಂದ್ರನ ಸೆಳೆತದಿಂದ ಸಮುದ್ರವು ಉಬ್ಬುವುದು ಎಲ್ಲರಿಗೂ ತಿಳಿದಿದೆ. ಚಂದ್ರನಿಗೆ ಹತ್ತಿರದ ಮುಖದ ಮೇಲೆ ಸೆಳೆತ ಹೆಚ್ಚು, ಹಿಂಬದಿಯ ಮೇಲೆ ಕಡಮೆ. ಈ ಹೆಚ್ಚು ಕಡಮೆಯೇ ವಸ್ತುವನ್ನು ಉದ್ದಕ್ಕೆ ಜಗ್ಗುತ್ತದೆ. ಉಪಗ್ರಹವೊಂದು ತನ್ನ ಗ್ರಹಕ್ಕೆ ತೀರ ಹತ್ತಿರ ಬಂದರೆ ಈ ಜಗ್ಗಾಟವು ಅದರ ಸ್ವಂತ ಆಕರ್ಷಣಕ್ಕಿಂತ ಬಲವಾಗಿ, ಅದನ್ನು ಬಿಚ್ಚಿ ಚದರಿಸುವುದು. ಗ್ರಹದಷ್ಟೇ ಸಾಂದ್ರತೆಯುಳ್ಳ ದ್ರವಪಿಂಡಕ್ಕೆ ಈ ಸೀಮೆಯು ಗ್ರಹದ ಕೇಂದ್ರದಿಂದ ಅದರ ತ್ರಿಜ್ಯದ ೨.೪೪ ಪಟ್ಟು ದೂರದಲ್ಲಿದೆಯೆಂದು ರೋಷನ ಗಣಿತ. ಶನಿಯ ತ್ರಿಜ್ಯ ೬೦,೨೬೮ ಕಿಲೋಮೀಟರು. ದೊಡ್ಡ ಬಳೆಗಳ ಹೊರ ಅಂಚು ಕೇಂದ್ರದಿಂದ ಸುಮಾರು ೧,೩೬,೮೦೦ ಕಿಲೋಮೀಟರು, ಎಂದರೆ ೨.೨೭ ಪಟ್ಟು. ಬಳೆಯು ಸೀಮೆಯ ಒಳಗಡೆಯೇ ಇದೆ.

ಗಣಿತವೇನೋ ಹೇಳಿತು, ಲೋಕವು ಸಾಕ್ಷಿಯನ್ನು ಕೇಳುವುದು. ಆ ಸಾಕ್ಷಿ ಬಂದ ಬಗೆಯನ್ನು ವಿವರಿಸಲು ನಮ್ಮ ಊರಿನ ಕಣಕ್ಕೆ ಹೋಗಬೇಕು. ಹಂತಿ ಕಟ್ಟುವಾಗ ಮೇಟಿಯ ಬಳಿಗೆ ಮುದಿ ಎತ್ತನ್ನೂ ಹೊರತುದಿಗೆ ಚುರುಕಾದ ಎತ್ತನ್ನೂ ಕಟ್ಟುವರು. ಒಂದೇ ಸಾಲಿಗೆ ಬಿಗಿದ ಎತ್ತುಗಳಲ್ಲಿ ಮೇಟಿಯ ಬಳಿಯದು ನಿಂತಲ್ಲೇ ತಿರುಗಿದರೂ ಸಾಕು, ಹೊರಗಿನದು ಓಡಲೇಬೇಕು. ಗಟ್ಟಿ ಬಳೆಯೂ ಹೀಗೆಯೇ: ಹೊರ ಅಂಚಿಗೆ ವೇಗ ಹೆಚ್ಚು. ಎತ್ತುಗಳ ಕಣ್ಣಿಯನ್ನು ಬಿಚ್ಚಿ, ಒಂದೊಂದೂ ಶನಿಯ ಆಕರ್ಷಣಕ್ಕೆ ತಕ್ಕಂತೆ ನಡೆಯಲೆಂದು ಬಿಟ್ಟರೆ ವ್ಯವಸ್ಥೆ ತಲೆಕೆಳಗಾಗುವುದು: ಮೇಟಿಯ ಬಳಿಯ ಎತ್ತೇ ಎಲ್ಲಕ್ಕಿಂತ ವೇಗವಾಗಿ ಓಡಬೇಕು. ಆದುದರಿಂದ ಒಳ ಅಂಚು ವೇಗವೋ ಹೊರ ಅಂಚು ವೇಗವೋ ಎಂಬುದನ್ನು ತಿಳಿದರೆ ವಾದವೇ ತೀರಿತು.

ಇದನ್ನು ಅಳೆದವನು ಅಮೆರಿಕದ ಜೇಮ್ಸ್ ಕೀಲರ್. ಪಿಟ್ಸ್‌ಬರ್ಗಿನ ಅಲಿಗೇನಿ ವೀಕ್ಷಣಾಲಯದಲ್ಲಿ, ೧೮೯೫ರ ಏಪ್ರಿಲ್ ೯ರಂದು. ನಮ್ಮ ಕಡೆಗೆ ಬರುವ ವಸ್ತುವಿನ ಬೆಳಕಿನ ವರ್ಣಪಟಲದಲ್ಲಿರುವ ಕಪ್ಪು ರೇಖೆಗಳು ನೇರಳೆಯ ಕಡೆಗೂ, ದೂರ ಸರಿಯುವ ವಸ್ತುವಿನ ರೇಖೆಗಳು ಕೆಂಪಿನ ಕಡೆಗೂ ಸ್ವಲ್ಪ ಸರಿಯುತ್ತವೆ. ಸರಿದ ಮೊತ್ತದಿಂದ ವೇಗವು ತಿಳಿಯುತ್ತದೆ. ಕೀಲರನು ಶನಿಯ ಮತ್ತು ಬಳೆಯ ವರ್ಣಪಟಲವನ್ನು ಒಂದೇ ಫಲಕದಲ್ಲಿ ಛಾಯಾಚಿತ್ರವಾಗಿ ಹಿಡಿದನು. ಗ್ರಹದ ಬಿಂಬವು ಗಟ್ಟಿ ಚೆಂಡಿನಂತೆ ತಿರುಗುವುದರಿಂದ ಅಲ್ಲಿಯ ರೇಖೆಗಳು ಒಂದು ದಿಕ್ಕಿಗೆ ಓರೆಯಾಗಿದ್ದವು. ಬಳೆಯ ಭಾಗದಲ್ಲಿ ರೇಖೆಗಳು ಅದಕ್ಕೆ ವಿರುದ್ಧವಾದ ದಿಕ್ಕಿಗೆ ಓರೆಯಾಗಿದ್ದವು. ಒಳ ಅಂಚೇ ವೇಗ! ಈಗಿನ ಅಳತೆಯಂತೆ, ಪ್ರಕಾಶಮಾನವಾದ ನಡುಬಳೆಯ ಒಳ ಅಂಚಿನಲ್ಲಿ ವೇಗವು ಸೆಕೆಂಡಿಗೆ ಸುಮಾರು ೨೦ ಕಿಲೋಮೀಟರು, ಹೊರಬಳೆಯ ಕೊನೆಯಲ್ಲಿ ಸುಮಾರು ೧೬.೬ ಕಿಲೋಮೀಟರು. ಮ್ಯಾಕ್ಸ್‌ವೆಲನು ೧೮೭೯ರಲ್ಲಿಯೇ ತೀರಿಕೊಂಡಿದ್ದನು. ಈ ಫಲಕವನ್ನು ನೋಡುವ ಭಾಗ್ಯ ಆತನಿಗಿರಲಿಲ್ಲ.

ಬಳೆಯ ತೆಳುವಿನ ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಎರಡು ಲಕ್ಷದ ಎಪ್ಪತ್ತು ಸಾವಿರ ಕಿಲೋಮೀಟರಿಗೂ ಹೆಚ್ಚಿನ ವ್ಯಾಸವುಳ್ಳ ಈ ಬಳೆಯ ದಪ್ಪವು ಬಹುಭಾಗದಲ್ಲಿ ಹತ್ತು ಮೀಟರಿನ ಆಸುಪಾಸು. ಬರೆಯುವ ಕಾಗದದಷ್ಟು ದಪ್ಪದ ಹಾಳೆಯನ್ನು ತೆಗೆದುಕೊಂಡರೆ, ಅದೇ ಪ್ರಮಾಣದಲ್ಲಿ ಅದರ ಅಗಲವು ಎರಡೂವರೆ ಕಿಲೋಮೀಟರನ್ನು ಮೀರಬೇಕಾಗುತ್ತದೆ. ಕಾರಣ ಸುಲಭವಾಗಿದೆ. ಕಣಗಳೆಂದರೆ ಬಹುತೇಕ ನೀರ್ಗಲ್ಲು. ಮರಳಿನಷ್ಟು ಸಣ್ಣವೂ ಮನೆಯಷ್ಟು ದೊಡ್ಡವೂ ಇವೆ. ಸಮತಲದ ಮೇಲಕ್ಕೂ ಕೆಳಕ್ಕೂ ಏರಿಳಿಯುವ ಕಣಗಳು ಒಂದಕ್ಕೊಂದು ತಾಕಿ, ತಾಕಿದಾಗಲೆಲ್ಲ ಆ ಏರಿಳಿತದ ಶಕ್ತಿಯನ್ನು ಕಳೆದುಕೊಳ್ಳುತ್ತವೆ; ಸುತ್ತುವ ಚಲನೆಯಾದರೋ ಎಲ್ಲಕ್ಕೂ ಒಂದೇ ದಿಕ್ಕಿನದಾದುದರಿಂದ ಉಳಿಯುತ್ತದೆ. ಕಸೀನಿಯು ಕಂಡ ಕಪ್ಪು ಗೆರೆಯ ಕಾರಣವನ್ನು ೧೮೬೬–೬೭ರಲ್ಲಿ ಅಮೆರಿಕದ ಕರ್ಕ್‌ವುಡ್ಡನು ಸೂಚಿಸಿದನು. ಆ ಎಡೆಯಲ್ಲಿ ಸುತ್ತುವ ಕಣವು ಎರಡು ಸುತ್ತು ಹಾಕುವಷ್ಟರಲ್ಲಿ ಮಿಮಾಸ್ ಎಂಬ ಚಂದ್ರನು ಒಂದು ಸುತ್ತು ಹಾಕುವನು. ಉಯ್ಯಾಲೆಯನ್ನು ಸರಿಯಾದ ಹದದಲ್ಲಿ ತಳ್ಳಿದರೆ ಸಣ್ಣ ಮಗುವೂ ದೊಡ್ಡ ತೂಗನ್ನು ಎಬ್ಬಿಸಬಲ್ಲದು. ಹಾಗೆಯೇ ಮಿಮಾಸಿನ ಸೆಳೆತವು ಒಂದೇ ಸ್ಥಾನದಲ್ಲಿ ಮತ್ತೆ ಮತ್ತೆ ತಾಕಿ ಕಣಗಳನ್ನು ಅಲ್ಲಿಂದ ಕದಲಿಸುತ್ತದೆ. ನಾಲ್ಕೂವರೆ ಸಾವಿರ ಕಿಲೋಮೀಟರಿಗೂ ಅಗಲವಾದ ಆ ಎಡೆಯೊಳಗೆ ತೆಳುವಾದ ಕಣಗಳ ಪಟ್ಟೆಗಳು ಇರುವುದು ಮುಂದೆ ತಿಳಿಯಿತು. ಆದರೆ ಅದರ ಒಳ ಅಂಚನ್ನು ಕಾಯುತ್ತಿರುವವನು ಮಿಮಾಸನೇ.

ಬಹುಕಾಲ ಬಳೆಯೆಂಬುದು ಶನಿಯೊಬ್ಬನ ಭೂಷಣವೆಂದೇ ಎಲ್ಲರೂ ತಿಳಿದಿದ್ದರು. ಆ ತಿಳಿವು ೧೯೭೭ರ ಮಾರ್ಚ್ ೧೦ರಂದು ತಪ್ಪಿತು. ಆ ಕಥೆಯಲ್ಲಿ ನಮ್ಮ ಬೆಂಗಳೂರಿಗೂ ಪಾತ್ರವುಂಟು. ಆ ರಾತ್ರಿ ಯುರೇನಸ್ ಗ್ರಹವು ಒಂದು ಮಸುಕಾದ ನಕ್ಷತ್ರದ ಮುಂದೆ ಹಾದುಹೋಗುವುದೆಂದು ಮೊದಲೇ ಲೆಕ್ಕಹಾಕಿದ್ದರು. ಗ್ರಹವು ನಕ್ಷತ್ರವನ್ನು ಮರೆಮಾಡುವಾಗ ಬೆಳಕು ಕುಗ್ಗುವ ಬಗೆಯಿಂದ ಗ್ರಹದ ವಾಯುಮಂಡಲವನ್ನು ಅರಿಯುವುದು ಉದ್ದೇಶ. ಬಳೆಯನ್ನು ಹುಡುಕುವ ಉದ್ದೇಶ ಇದ್ದಂತಿಲ್ಲ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ತಮಿಳುನಾಡಿನ ಜವ್ವಾದಿ ಬೆಟ್ಟಗಳ ಕಾವಲೂರಿನಲ್ಲಿ ಒಂದು ವೀಕ್ಷಣಾಲಯವುಂಟು. ಅಲ್ಲಿನ ೧೦೨ ಸೆಂಟಿಮೀಟರಿನ ದೂರದರ್ಶಕದಲ್ಲಿ ಜೆ. ಸಿ. ಭಟ್ಟಾಚಾರ್ಯರೂ ಕೆ. ಕುಪ್ಪುಸ್ವಾಮಿಯವರೂ ನಕ್ಷತ್ರದ ಬೆಳಕನ್ನು ಅಳೆಯುತ್ತಿದ್ದರು. ನಕ್ಷತ್ರವು ಕೆಲವು ಸೆಕೆಂಡುಗಳ ಕಾಲ ಕುಂದಿ ಮತ್ತೆ ಬೆಳಗಿತು. ಗ್ರಹದ ಬಿಂಬಕ್ಕೂ ನಕ್ಷತ್ರಕ್ಕೂ ನಡುವೆ ಇನ್ನೂ ಬಹಳ ಅಂತರವಿತ್ತು. ಹಾಗಾದರೆ ಅಡ್ಡ ಬಂದುದೇನು? ಅದು ಯುರೇನಸ್ಸಿನ ಹೊಸದೊಂದು ಉಪಗ್ರಹವೆಂದು ಅವರು ನಿರ್ಣಯಿಸಿ, ಅದೇ ಶೀರ್ಷಿಕೆಯಿಂದ "ನೇಚರ್" ಪತ್ರಿಕೆಯಲ್ಲಿ ಪ್ರಕಟಿಸಿದರು.

ಅದೇ ರಾತ್ರಿ ಅಮೆರಿಕದ ಜೇಮ್ಸ್ ಎಲಿಯಟ್ಟರೂ ಅವರ ಜೊತೆಗಾರರೂ ದೂರದರ್ಶಕವನ್ನು ಹೊತ್ತ ಒಂದು ವಿಮಾನದಲ್ಲಿ ಹಿಂದೂ ಮಹಾಸಾಗರದ ದಕ್ಷಿಣಭಾಗದ ಮೇಲೆ ಹಾರುತ್ತಿದ್ದರು. ನಕ್ಷತ್ರವು ಗ್ರಹದ ಹಿಂದೆ ಹೋಗುವ ಮೊದಲೇ ಅವರಿಗೆ ಐದು ಕುಂದುಗಳು ಕಂಡವು; ಗ್ರಹದಿಂದ ಹೊರಬಂದ ಮೇಲೆ ಮತ್ತೆ ಐದು. ಮೊದಲಿನ ಐದಕ್ಕೂ ಕೊನೆಯ ಐದಕ್ಕೂ ಗ್ರಹದಿಂದ ದೂರ ಬಹುಮಟ್ಟಿಗೆ ಸಮವಾಗಿತ್ತು. ಉಪಗ್ರಹಗಳು ಹೀಗೆ ಜೋಡಿಜೋಡಿಯಾಗಿ, ಎರಡು ಪಕ್ಕಗಳಲ್ಲಿಯೂ ಸಮದೂರದಲ್ಲಿ ನಿಂತಿರುವುದು ಅಸಂಭವ. ಬಳೆಯು ಹಾಗಲ್ಲದೆ ಬೇರೆ ರೀತಿ ಇರುವುದೇ ಅಸಂಭವ. ನಮ್ಮ ಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಬೆಳಕು ಒಮ್ಮೆ ಕುಂದಿತೆಂಬುದು ಅನೈಕಾಂತಿಕವಾದ ಹೇತು: ಉಪಗ್ರಹವಿದ್ದರೂ ಸರಿ, ಬಳೆಯಿದ್ದರೂ ಸರಿ, ಕುಂದಬಹುದು. ಎರಡು ಪಕ್ಕಗಳಲ್ಲಿಯೂ ಸಮದೂರದಲ್ಲಿ ಕುಂದಿತೆಂಬುದು ಸದ್ಧೇತು. ಕಾವಲೂರಿನವರಿಗೆ ಕಣ್ಣು ತಪ್ಪಲಿಲ್ಲ, ಯಂತ್ರ ತಪ್ಪಲಿಲ್ಲ. ಹೇತುವು ಸಾಲದೆ ಹೋಯಿತು. ಅದೇ ವರ್ಷ ಭಟ್ಟಾಚಾರ್ಯರೂ ಸಂಸ್ಥೆಯ ನಿರ್ದೇಶಕರಾಗಿದ್ದ ವೇಣು ಬಾಪು ಅವರೂ ಸೇರಿ, ಯುರೇನಸ್ಸಿಗೆ ಶನಿಯಂತೆ ವಲಯವ್ಯೂಹವಿದೆಯೆಂದು ಅದೇ "ನೇಚರ್" ಪತ್ರಿಕೆಯಲ್ಲಿ ಬರೆದರು. ಮೊದಲು ಬರೆದುದನ್ನು ಹಿಡಿದುಕೊಂಡು ಕುಳಿತುಕೊಳ್ಳಲಿಲ್ಲವೆಂಬುದು ಅವರ ಪಾಂಡಿತ್ಯಕ್ಕೆ ಭೂಷಣವಾಗಿದೆ. ಈ ಶೋಧದ ಚರಿತ್ರೆಯನ್ನು ಬರೆಯುವವರಲ್ಲಿ ಕೆಲವರು ಕಾವಲೂರಿನ ಹೆಸರನ್ನೇ ಎತ್ತುವುದಿಲ್ಲ; ಇನ್ನು ಕೆಲವರು ಬಳೆಯನ್ನು ಕಂಡುಹಿಡಿದುದೇ ಕಾವಲೂರೆಂದು ಹೇಳುವರು. ಎರಡೂ ಸರಿಯಲ್ಲ. ಗೆಲಿಲಿಯೋವಿಗೆ ಯಾವ ಸ್ಥಾನವೋ ಅವರಿಗೂ ಆ ಬಗೆಯ ಸ್ಥಾನವೇ, ಅದು ಕಡಮೆಯ ಸ್ಥಾನವೇನೂ ಅಲ್ಲ.

ಆಮೇಲೆ ಬಳೆಗಳಿಗೆ ಬರವಾಗಲಿಲ್ಲ. ೧೯೭೯ರಲ್ಲಿ ವಾಯೇಜರ್ ನೌಕೆಯು ಗುರುಗ್ರಹಕ್ಕೂ ಧೂಳಿನ ತೆಳುವಾದ ಬಳೆಯಿರುವುದನ್ನು ತೋರಿಸಿತು. ೧೯೮೯ರಲ್ಲಿ ನೆಪ್ಚೂನಿನ ಬಳೆಗಳು ನಿಶ್ಚಿತವಾದವು. ಅವುಗಳಲ್ಲಿ ಹೊರಗಿನದಕ್ಕೆ, ಮ್ಯಾಕ್ಸ್‌ವೆಲನಿಗೆ ದೊರೆತ ಬಹುಮಾನದ ಹೆಸರಿನ ಆ ಆಡಮ್ಸನದೇ ಹೆಸರಿಟ್ಟಿದ್ದಾರೆ. ಯುರೇನಸ್ಸಿನ ಬಳೆಗಳು ತೀರ ಕಿರಿದಾಗಿರುವುದೊಂದು ಸೋಜಿಗವಾಗಿತ್ತು. ಕಣಗಳು ತಾಕಾಡುತ್ತ ಕಾಲಕ್ರಮದಲ್ಲಿ ಅಗಲಕ್ಕೆ ಹರಡಬೇಕಾಗಿತ್ತಷ್ಟೆ. ಬಳೆಯ ಒಳಗೊಂದು ಹೊರಗೊಂದು ಪುಟ್ಟ ಚಂದ್ರಗಳು ಕುರಿಮಂದೆಯನ್ನು ಕಾಯುವ ಕುರುಬರಂತೆ ಕಣಗಳನ್ನು ಒತ್ತಿ ಹಿಡಿದಿರಬೇಕೆಂದು ಗೋಲ್ಡ್‌ರೈಕ್ ಮತ್ತು ಟ್ರಿಮೇನ್ ಎಂಬ ಪಂಡಿತರು ೧೯೭೯ರಲ್ಲಿ ಗಣಿತದಿಂದ ಹೇಳಿದರು. ೧೯೮೬ರಲ್ಲಿ ವಾಯೇಜರ್ ನೌಕೆಯು ಯುರೇನಸ್ಸನ್ನು ಹಾದುಹೋದಾಗ, ಅಲ್ಲಿಯ ಅತ್ಯಂತ ಪ್ರಧಾನವಾದ ಬಳೆಯ ಎರಡು ಪಕ್ಕಗಳಲ್ಲಿಯೂ ಅಂಥ ಚಂದ್ರಗಳು, ಕಾರ್ಡೀಲಿಯ ಮತ್ತು ಒಫೀಲಿಯ, ಕಂಡವು.

ಶನಿಯ ಬಳೆಯ ವಯಸ್ಸು ಎಷ್ಟೆಂಬ ವಿವಾದ ಮಾತ್ರ ತೀರಿಲ್ಲ. ೨೦೦೪ರಿಂದ ಹದಿಮೂರು ವರ್ಷ ಶನಿಯನ್ನು ಸುತ್ತಿದ ಕಸೀನಿ ನೌಕೆಯು, ೨೦೧೭ರ ಸೆಪ್ಟೆಂಬರ್ ೧೫ರಂದು ಗ್ರಹದೊಳಗೆ ಬಿದ್ದು ಉರಿದುಹೋಗುವುದಕ್ಕೆ ಮೊದಲು, ಬಳೆಗೂ ಗ್ರಹಕ್ಕೂ ನಡುವಣ ಸಂದಿಯಲ್ಲಿ ಹಾದು ಬಳೆಯನ್ನು ತೂಗಿತು. ಅದರ ತೂಕ ಮಿಮಾಸಿನ ಐದರಲ್ಲಿ ಎರಡು ಪಾಲಿನಷ್ಟೆ. ಆಕಾಶದಿಂದ ಸದಾ ಬೀಳುವ ಧೂಳು ಇಷ್ಟು ಹಗುರವಾದ ಬಳೆಯನ್ನು ಬಹುಬೇಗ ಕಪ್ಪಾಗಿಸಬೇಕು. ಆದರೆ ಅದು ಬಹಳ ಬೆಳ್ಳಗಿದೆ. ಆದುದರಿಂದ ಗ್ರಹದ ವಯಸ್ಸು ೪೫೦ ಕೋಟಿ ವರ್ಷಗಳಾದರೂ ಬಳೆಯದು ನಲವತ್ತು ಕೋಟಿಯನ್ನು ಮೀರದು, ಹತ್ತು ಕೋಟಿಯೂ ಇದ್ದೀತೋ ಇಲ್ಲವೋ ಎಂದು ಒಂದು ಪಕ್ಷ. ಬಿದ್ದ ಧೂಳು ಆವಿಯಾಗಿ ಹಾರಿಹೋಗುತ್ತದೆ, ನೀರ್ಗಲ್ಲಿಗೆ ಅಂಟುವುದಿಲ್ಲ, ಆದಕಾರಣ ಬಿಳುಪಿನಿಂದ ವಯಸ್ಸನ್ನು ಹೇಳಲಾಗದು ಎಂದು ೨೦೨೪ರಲ್ಲಿ ಎದ್ದ ಇನ್ನೊಂದು ಪಕ್ಷ. ಇಲ್ಲಿಯೂ ಹೇತುವು ಅನೈಕಾಂತಿಕವೋ ಏನೋ. ಬಳೆಯಿಂದ ನೀರಿನ ಕಣಗಳು ಮಳೆಯಂತೆ ಗ್ರಹದ ಮೇಲೆ ಸುರಿಯುತ್ತಿರುವುದಂತೂ ಕಂಡುಬಂದಿದೆ. ಇದೇ ರೀತಿ ಸುರಿದರೆ ಮೂವತ್ತು ಕೋಟಿ ವರ್ಷಗಳೊಳಗಾಗಿ ಶನಿಯು, ಗೆಲಿಲಿಯೋ ೧೬೧೨ರಲ್ಲಿ ಕಂಡಂತೆ, ಒಂಟಿಯಾಗಿ ನಿಂತಾನು.

ರೋಷನ ಸೀಮೆಗೂ ಈಚೆಗೆ ಒಂದು ಪೆಟ್ಟು ಬಿದ್ದಿದೆ. ನೆಪ್ಚೂನಿನಿಂದಾಚೆ ಕ್ವಾವಾರ್ ಎಂಬ ಪುಟ್ಟ ಗ್ರಹವೊಂದುಂಟು. ಅದರ ತ್ರಿಜ್ಯ ಐನೂರೈವತ್ತು ಕಿಲೋಮೀಟರಿನಷ್ಟು. ಅದಕ್ಕೂ ಬಳೆಯಿದೆಯೆಂದು ೨೦೨೩ರಲ್ಲಿ ಪ್ರಕಟವಾಯಿತು. ಆ ಬಳೆಯು ಕೇಂದ್ರದಿಂದ ಸುಮಾರು ೪,೧೦೦ ಕಿಲೋಮೀಟರು ದೂರದಲ್ಲಿದೆ. ಎಂದರೆ ಏಳು ತ್ರಿಜ್ಯಗಳಿಗೂ ಮೀರಿ, ಸೀಮೆಯಿಂದ ಬಹಳ ಹೊರಗೆ. ಆ ದೂರದಲ್ಲಿ ಕಣಗಳು ಕೂಡಿ ಎಂದೋ ಒಂದು ಚಂದ್ರನಾಗಬೇಕಾಗಿತ್ತು. ಅಲ್ಲಿನ ಅತಿಶೀತದಲ್ಲಿ ನೀರ್ಗಲ್ಲಿನ ಕಣಗಳು ಗೋಲಿಗಳಂತೆ ಒಂದರಿಂದೊಂದು ಪುಟಿದು ದೂರವಾಗುತ್ತಿರಬಹುದೆಂದು ಕೆಲವರು ಹೇಳುತ್ತಾರೆ. ಈ ಬಳೆಯು ಗೊತ್ತಾದುದೂ ಕಾವಲೂರಿನ ಆ ರಾತ್ರಿಯ ಕ್ರಮದಿಂದಲೇ: ಕ್ವಾವಾರ್ ನಕ್ಷತ್ರಗಳ ಮುಂದೆ ಹಾದುಹೋದಾಗ, ಅದರ ಬಿಂಬವು ಅಡ್ಡ ಬರುವ ಮೊದಲೂ ಬಂದುಹೋದ ಮೇಲೂ ಬೆಳಕು ಒಂದು ಕ್ಷಣ ಕುಂದಿತು.